ಅದಿರಿಗೆ ಬೀಗ ಹಾಕಿದ ಮೇಲೆ

ಇಂಡೊನೇಷ್ಯಾದ ಸುಲವೇಸಿ ದ್ವೀಪದಲ್ಲಿ ಅಗೆಯುವ ನಿಕ್ಕಲ್ ಅದಿರು ನೋಡುವುದಕ್ಕೆ ಒದ್ದೆ ಕೆಮ್ಮಣ್ಣು, ಅಷ್ಟೇ. ನೂರು ಕಿಲೋ ಒಣ ಅದಿರಿನಲ್ಲಿ ನಿಕ್ಕಲ್ ಇರುವುದು ಒಂದೂವರೆ-ಎರಡು ಕಿಲೋ. ಇದನ್ನು ಹಡಗುಗಟ್ಟಲೆ ತುಂಬಿ ಕಳಿಸಿ, ಇದರಿಂದಲೇ ಬೇರೆಯವರು ಮಾಡಿದ ಉಕ್ಕನ್ನೂ ಬ್ಯಾಟರಿಯನ್ನೂ ಕೊಂಡು ತರುವ ದೇಶ ಎಂದಾದರೊಂದು ದಿನ ಸಾಕು ಎನ್ನಲೇಬೇಕಿತ್ತು. 2020ರ ಜನವರಿಯಲ್ಲಿ ಇಂಡೊನೇಷ್ಯಾ ಕಚ್ಚಾ ಅದಿರಿನ ರಫ್ತು ನಿಲ್ಲಿಸಿದ್ದು ಸರಿ ಎಂದೇ ನಾನು ಅಂದೂ ಭಾವಿಸಿದ್ದೆ, ಇಂದೂ ಭಾವಿಸುತ್ತೇನೆ. ಐರೋಪ್ಯ ಒಕ್ಕೂಟದ ದೂರಿನ ಮೇಲೆ 2022ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸಮಿತಿ ಇದು ನಿಯಮಬಾಹಿರವೆಂದು ಹೇಳಿದರೂ ಆ ಅಭಿಪ್ರಾಯ ಬದಲಾಗಿಲ್ಲ.

ಆದರೆ ಅದಿರನ್ನು ಅಲ್ಲೇ ಕರಗಿಸಲೆಂದು ಸುಲವೇಸಿಯ ಮೊರೊವಾಲಿಯಲ್ಲಿ ಎದ್ದುನಿಂತ ಕುಲುಮೆಗಳು ಯಾರವು? ಬಹುಪಾಲು ಚೀನೀ ಬಂಡವಾಳದವು. ಕುಲುಮೆಗೆ ಬೇಕಾದ ವಿದ್ಯುತ್ತು ಪಕ್ಕದಲ್ಲೇ ಕಟ್ಟಿಕೊಂಡ ಕಲ್ಲಿದ್ದಲು ಸ್ಥಾವರಗಳಿಂದ ಬರುತ್ತದೆ. ದೊಡ್ಡ ಹೂಡಿಕೆಗಳಿಗೆ ಇಪ್ಪತ್ತು ವರ್ಷದವರೆಗೂ ಆದಾಯ ತೆರಿಗೆ ವಿನಾಯಿತಿ ಸಿಗುವ ವ್ಯವಸ್ಥೆಯಿದ್ದುದರಿಂದ, ರಫ್ತಿನ ಮೊತ್ತ ಹಲವು ಪಟ್ಟು ಏರಿದರೂ ಅದರಲ್ಲಿ ಬೊಕ್ಕಸಕ್ಕೆ ಸೇರಿದ್ದೆಷ್ಟು ಎಂದು ಕೇಳಬೇಕಾಗುತ್ತದೆ. 2023ರ ಡಿಸೆಂಬರಿನಲ್ಲಿ ಅಲ್ಲಿನ ಒಂದು ಕುಲುಮೆಯ ದುರಸ್ತಿ ನಡೆಯುತ್ತಿದ್ದಾಗ ಸ್ಫೋಟ ಸಂಭವಿಸಿ ಸುಮಾರು ಇಪ್ಪತ್ತು ಕಾರ್ಮಿಕರು ಸತ್ತರು. ಕೈಗಾರಿಕಾ ನೀತಿಯ ಲೆಕ್ಕಾಚಾರದಲ್ಲಿ ಅವರನ್ನು ಅಡಿಟಿಪ್ಪಣಿಯಾಗಿ ಕಾಣುವುದು ನನ್ನಿಂದಾಗದು.

ರಫ್ತು ನಿಷೇಧದಿಂದ ಕಾರ್ಖಾನೆ ಬರುತ್ತದೆ. ಕಸುಬು ತಾನಾಗಿ ಬರುವುದಿಲ್ಲ. ಪಾಲುದಾರಿಕೆ, ಸ್ಥಳೀಯ ಎಂಜಿನಿಯರುಗಳ ತರಬೇತಿ, ತೆರಿಗೆ, ಕಾರ್ಮಿಕರ ಸುರಕ್ಷತೆ, ಇವೆಲ್ಲವನ್ನೂ ಕುಲುಮೆ ಹೊತ್ತಿಕೊಳ್ಳುವ ಮೊದಲೇ ಒಪ್ಪಂದದಲ್ಲಿ ಬರೆಸಿಕೊಳ್ಳಬೇಕು. ಅದಿರು ಬೇಕೆಂದು ಹೂಡಿಕೆದಾರ ಬಾಗಿಲಲ್ಲಿ ನಿಂತಿರುವಾಗ ಸರ್ಕಾರಕ್ಕಿರುವ ಬಲ, ಸಾವಿರಾರು ಜನರ ಸಂಬಳ ಅವನ ಕೈಯಲ್ಲಿರುವಾಗ ಉಳಿದಿರುವುದಿಲ್ಲ.

ಚಿಲಿ ಇನ್ನೊಂದು ದಾರಿ ಹಿಡಿಯಿತು. ಲಿಥಿಯಂ ಕಂಪನಿಗಳು ತಮ್ಮ ಉತ್ಪನ್ನದ ಶೇ. 25ರವರೆಗೆ ಸ್ಥಳೀಯ ತಯಾರಕರಿಗೆ ರಿಯಾಯಿತಿ ದರದಲ್ಲಿ ಕೊಡಬೇಕೆಂಬ ಷರತ್ತು ಹಾಕಿತು. ಷರತ್ತು ಜಾಣತನದ್ದೇ; ಆದರೆ ಆ ದರದ ಆಸೆಗೆ ಮುಂದೆ ಬಂದಿದ್ದ ದೊಡ್ಡ ಯೋಜನೆಗಳು ಲಿಥಿಯಂ ಬೆಲೆ ಬಿದ್ದ ಮೇಲೆ ಕೈಬಿಟ್ಟುಹೋದವು.

ಈಗ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಸರದಿ. ಬ್ಯಾಟರಿಗೆ ಬೇಕಾದ ಲೋಹ ಕೋಬಾಲ್ಟ್; ಜಗತ್ತಿನಲ್ಲಿ ಅಗೆದು ತೆಗೆಯುವ ಕೋಬಾಲ್ಟಿನಲ್ಲಿ ಸುಮಾರು ಮುಕ್ಕಾಲು ಪಾಲು ಅಲ್ಲಿಯದು. 2025ರ ಫೆಬ್ರವರಿಯಲ್ಲಿ ರಫ್ತು ತಡೆದು, ಅಕ್ಟೋಬರಿನಿಂದ ಕೋಟಾ ಜಾರಿಗೆ ತಂದಿತು, ಬೆಲೆಯೂ ಏರಿತು. ಆದರೆ ಶುದ್ಧೀಕರಣಕ್ಕೆ ಬೇಕಾದ ವಿದ್ಯುತ್ತಿಗೆ ಗಣಿ ಪ್ರದೇಶದಲ್ಲೇ ತತ್ವಾರ. ಕೋಟಾ ಹಂಚುವ ಮೇಜಿನ ಮೇಲೆಯೇ ವಿದ್ಯುತ್ ಮಾರ್ಗದ ನಕ್ಷೆಯನ್ನೂ ಹರಡಬೇಕು, ಬೆಲೆ ಮತ್ತೆ ಇಳಿಯುವ ಮುನ್ನ.