ತೊಡೆ ಮೇಲಿನ ಪ್ರಯಾಣಿಕ

ಕೂಸನ್ನು ಎತ್ತಿಕೊಂಡು ವಿಮಾನದ ಒಳಗೆ ಕಾಲಿಟ್ಟರೆ ಸಾಕು, ಇಡೀ ವಿಮಾನ ನಿಮ್ಮನ್ನೇ ನೋಡುತ್ತದೆ. ನೀವು ಎಲ್ಲಿ ಕೂರುತ್ತೀರಿ ಅನ್ನುವುದಷ್ಟೇ ಅವರ ಚಿಂತೆ. ಒಂದೊಂದೇ ಸಾಲು ದಾಟಿದ ಹಾಗೆ, ಹಿಂದೆ ಉಳಿದವರು ಉಸಿರು ಬಿಡುವುದು ನಿಮ್ಮ ಬೆನ್ನಿಗೇ ತಿಳಿಯುತ್ತದೆ. ಕೊನೆಗೆ ಒಂದು ಕಡೆ ನಿಂತು ತಲೆಯೆತ್ತಿ ಸೀಟಿನ ನಂಬರ್ ನೋಡಿದಿರೋ, ಪಕ್ಕದಲ್ಲಿ ಕೂತವರ ಮುಖದಲ್ಲಿ ಒಂದು ನಗು ಬರುತ್ತದೆ. ಬಹಳ ಸಭ್ಯವಾದ ನಗು. ಚುನಾವಣೆಯಲ್ಲಿ ಸೋತವರು ಗೆದ್ದವರ ಕೈ ಕುಲುಕುವಾಗ ನಗುತ್ತಾರಲ್ಲ, ಅಂಥದ್ದು.

ಆ ನಗು ನನಗೆ ಚೆನ್ನಾಗಿ ಗೊತ್ತು. ಮಕ್ಕಳಾಗುವ ಮೊದಲು ನಾನೇ ಎಷ್ಟೋ ಸಲ ನಕ್ಕಿದ್ದೇನೆ. ಈಗ ಹತ್ತು ತಿಂಗಳ ಮಗನನ್ನು ಕಂಕುಳಲ್ಲಿ ಇಟ್ಟುಕೊಂಡು, ನಾಲ್ಕು ವರ್ಷದ ಮಗಳ ಕೈ ಹಿಡಿದುಕೊಂಡು, ಎಡಕ್ಕೊಂದು ಬಲಕ್ಕೊಂದು 'ಕ್ಷಮಿಸಿ' ಹೇಳುತ್ತಾ ಹೋಗುವ ಸರದಿ ನನ್ನದು. ಮಗು ಇನ್ನೂ ಅತ್ತೇ ಇಲ್ಲ. ಆದರೂ ಮುಂಗಡವಾಗಿ ಕ್ಷಮೆ ಕೇಳಿಬಿಟ್ಟಿರುತ್ತೇನೆ.

ಎರಡು ವರ್ಷ ತುಂಬದ ಮಗುವಿಗೆ ವಿಮಾನದಲ್ಲಿ ಬೇರೆ ಸೀಟು ಕಡ್ಡಾಯವಲ್ಲ. ಅಮ್ಮನದೋ ಅಪ್ಪನದೋ ತೊಡೆಯೇ ಸೀಟು. ಹಾಗಂತ ಲೆಕ್ಕಕ್ಕಿಲ್ಲ ಅಂತಲ್ಲ. ಅದಕ್ಕೂ ಟಿಕೆಟ್ಟಿದೆ, ದೇಶ ದಾಟುವುದಾದರೆ ಪಾಸ್‌ಪೋರ್ಟೂ ಬೇಕು. ನಮ್ಮ ಚಿಕ್ಕವನ ಪಾಸ್‌ಪೋರ್ಟ್ ಫೋಟೋ ತೆಗೆಸಿದಾಗ ಅವನಿಗೆ ಕತ್ತೇ ನಿಂತಿರಲಿಲ್ಲ. ಬಿಳಿ ಬಟ್ಟೆ ಹಾಸಿ, ಮಲಗಿಸಿ, ಮೇಲಿನಿಂದ ಕ್ಲಿಕ್ ಮಾಡಿದ್ದು. ಪಾಸ್‌ಪೋರ್ಟ್ ನೋಡುವ ಅಧಿಕಾರಿ ಆ ಫೋಟೋ ನೋಡಿದರು, ಇವನನ್ನು ನೋಡಿದರು, ಮತ್ತೆ ಫೋಟೋ ನೋಡಿದರು. ಅದರಲ್ಲಿದ್ದದ್ದು ಲೋಕದ ಯಾವ ಕೂಸೂ ಆಗಬಹುದಿತ್ತು. ಇವನು ಅವರ ಪೆನ್ನಿಗೆ ಕೈ ಹಾಕಿದ. ಅದನ್ನೇ ಗುರುತು ಅಂತ ಒಪ್ಪಿಕೊಂಡರೋ ಏನೋ, ಠಸ್ಸೆ ಒತ್ತಿ ಕಳಿಸಿದರು.

ಎರಡನೇ ಹುಟ್ಟುಹಬ್ಬ ಪ್ರವಾಸದ ಮಧ್ಯೆ ಬಂತೋ, ಹೋಗುವಾಗ ತೊಡೆ, ಬರುವಾಗ ಸೀಟು. ಒಂದೇ ವಾರದಲ್ಲಿ ಮಗು ಅಷ್ಟು ದೊಡ್ಡದಾಗಿರುತ್ತದೆ.

ತಮಾಷೆ ಇರಲಿ, ಈ ತೊಡೆಯ ವಿಷಯ ಯೋಚಿಸಿದರೆ ವಿಚಿತ್ರವೇ. ವಿಮಾನ ಏರುವ ಮೊದಲು ಎಲ್ಲವನ್ನೂ ಭದ್ರ ಮಾಡಿಸುತ್ತಾರೆ. ಬ್ಯಾಗು ಒಳಗಿಡಿ, ಲ್ಯಾಪ್‌ಟಾಪ್ ಎತ್ತಿಡಿ, ಟ್ರೇ ಮಡಚಿ, ಸೀಟು ನೆಟ್ಟಗೆ ಮಾಡಿ. ಇಷ್ಟೆಲ್ಲ ಆದ ಮೇಲೂ ಸಡಿಲವಾಗಿ ಉಳಿಯುವುದು ಮಗು. ಕೆಲವು ದೇಶಗಳಲ್ಲಿ ಅಮ್ಮನ ಬೆಲ್ಟಿಗೇ ಸಿಕ್ಕಿಸುವ ಪುಟ್ಟ ಬೆಲ್ಟ್ ಕೊಡುತ್ತಾರೆ. ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಇಲ್ಲ. ಮಗುವಿಗೆ ಬೇರೆ ಸೀಟು ತೆಗೆದುಕೊಂಡು, ಅದರಲ್ಲಿ ಮಕ್ಕಳ ಆಸನ ಕಟ್ಟಿ ಕೂರಿಸಿ ಅನ್ನುತ್ತಾರೆ, ಆದರೆ ಕಡ್ಡಾಯ ಮಾಡಿಲ್ಲ. 1989ರ ಜುಲೈನಲ್ಲಿ ಅಲ್ಲಿನ ಸೂ ಸಿಟಿಯಲ್ಲಿ ಒಂದು ವಿಮಾನ ಅಪಘಾತಕ್ಕೆ ಸಿಕ್ಕಿತು. ಆಗಿದ್ದ ಸೂಚನೆಯಂತೆ, ತೊಡೆ ಮೇಲಿನ ಕೂಸುಗಳನ್ನು ಕಾಲ ಬಳಿ ನೆಲದ ಮೇಲಿಟ್ಟು ಹಿಡಿದುಕೊಳ್ಳಿ ಅಂತ ಗಗನಸಖಿ ಜ್ಯಾನ್ ಬ್ರೌನ್ ಹೇಳಿದ್ದರು. ಆ ಕೂಸುಗಳಲ್ಲಿ ಒಂದು ಉಳಿಯಲಿಲ್ಲ. ಮಕ್ಕಳಿಗೂ ಸೀಟು ಬೇಕು, ಬೆಲ್ಟು ಬೇಕು ಅಂತ ಆಕೆ ಆಮೇಲೆ ವರ್ಷಗಟ್ಟಲೆ ಓಡಾಡಿದರು. ಇದನ್ನು ಓದಿದ ಮೇಲೆ ನನ್ನ ಕೈ ಹಿಡಿತ ಸ್ವಲ್ಪ ಬಿಗಿಯಾಗಿದೆ. ಈ ಮಾತು ಇಲ್ಲಿಗೇ ಬಿಡೋಣ.

ಸಾಮಾನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮನುಷ್ಯ ಎಷ್ಟು ಚಿಕ್ಕವನೋ ಗಂಟು ಅಷ್ಟು ದೊಡ್ಡದು. ತಳ್ಳುಗಾಡಿಯನ್ನು ಒಂದೇ ಕೈಯಲ್ಲಿ ಮಡಚಬಹುದು ಅಂತ ಅದರ ಡಬ್ಬಿಯ ಮೇಲೆ ಬರೆದಿತ್ತು. ಆ ಕೈ ಯಾರದು ಅಂತ ಬರೆದಿರಲಿಲ್ಲ. 2006ರಿಂದ ಈಚೆಗೆ ಕೈಚೀಲದಲ್ಲಿ ನೂರು ಮಿಲಿಲೀಟರಿಗಿಂತ ದೊಡ್ಡ ಬಾಟಲಿಯಲ್ಲಿ ದ್ರವ ಒಯ್ಯುವ ಹಾಗಿಲ್ಲ ಎಂಬ ನಿಯಮ ಬಹಳ ಕಡೆ ಬಂತು. ಮಗುವಿನ ಹಾಲಿಗೆ ಮಾತ್ರ ವಿನಾಯಿತಿ. ನನ್ನ ನೀರಿನ ಬಾಟಲಿ ಕಸದ ಬುಟ್ಟಿಗೆ ಹೋಯಿತು. ಇವನ ಬಾಟಲಿಗಳು ರಾಜಮರ್ಯಾದೆಯಿಂದ ಪ್ರತ್ಯೇಕ ಟ್ರೇಯಲ್ಲಿ ಮೆರವಣಿಗೆ ಹೊರಟವು. ಅಷ್ಟರಲ್ಲಿ ದೊಡ್ಡವಳು ತನ್ನ ಗೊಂಬೆ ಎಕ್ಸ್‌ರೇ ಯಂತ್ರದ ಒಳಗೆ ಹೋಯಿತು ಅಂತ ರಚ್ಚೆ ಹಿಡಿದಳು. ಆ ಕಡೆಯಿಂದ ಅದು ಜೀವಂತವಾಗಿ ಬಂದ ಮೇಲೆ, ಇನ್ನೊಂದು ಸಲ ಕಳಿಸೋಣ ಅಂದಳು.

ಇನ್ನು ಕಿವಿ. ವಿಮಾನದಲ್ಲಿ ಮಕ್ಕಳು ಅಳುವುದಕ್ಕೆ ಹಟ, ಹಸಿವು, ನಿದ್ದೆ ಎಲ್ಲ ಕಾರಣವೇ. ಆದರೆ ಇಳಿಯುವಾಗ ಏಳುತ್ತದಲ್ಲ, ಒಂದು ಮಗುವಿನಿಂದ ಇನ್ನೊಂದಕ್ಕೆ ಹತ್ತಿಕೊಳ್ಳುವ ಆ ಸಾಮೂಹಿಕ ಅಳು, ಅದರ ಹಿಂದೆ ಹೆಚ್ಚಾಗಿ ಇರುವುದು ಕಿವಿಯೇ. ವಿಮಾನ 35,000 ಅಡಿ ಮೇಲೆ ಹಾರುತ್ತಿದ್ದರೂ ಒಳಗಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿಯ ಬೆಟ್ಟದ ಮೇಲೆ ಕೂತ ಹಾಗೆ ಇರುತ್ತದೆ. ಅಂದರೆ ನಾವು ಅರ್ಧ ಗಂಟೆಯಲ್ಲಿ ಒಂದು ದೊಡ್ಡ ಬೆಟ್ಟ ಹತ್ತುತ್ತೇವೆ, ಕೊನೆಯಲ್ಲಿ ಅಷ್ಟೇ ಬೇಗ ಇಳಿಯುತ್ತೇವೆ. ಕಿವಿಪೊರೆಯ ಹಿಂದಿನ ಗಾಳಿಗೆ ಗಂಟಲ ಕಡೆಗೆ ಒಂದು ಸಣ್ಣ ಕೊಳವೆ ಇದೆ. 16ನೇ ಶತಮಾನದ ಇಟಲಿಯ ವೈದ್ಯ ಯೂಸ್ಟಾಕಿಯ ಹೆಸರು ಅದಕ್ಕೆ. ಹತ್ತುವಾಗ ಒಳಗಿನ ಗಾಳಿ ಹಿಗ್ಗಿ ತಾನಾಗಿ ಹೊರಗೆ ಬರುತ್ತದೆ. ಇಳಿಯುವಾಗ ಹೊರಗಿನ ಗಾಳಿ ಒಳಗೆ ಹೋಗಬೇಕು. ಆಗಲೇ ಕೊಳವೆ ಮುಚ್ಚಿಕೊಂಡು ಸತಾಯಿಸುವುದು. ದೊಡ್ಡವರು ಎಂಜಲು ನುಂಗುತ್ತೇವೆ, ಆಕಳಿಸುತ್ತೇವೆ, ಮೂಗು ಹಿಡಿದು ಊದುತ್ತೇವೆ. ಕೂಸಿಗೆ ಈ ವಿದ್ಯೆಗಳು ಬರುವುದಿಲ್ಲ. ಮೇಲಾಗಿ ಅದರ ಕೊಳವೆ ಗಿಡ್ಡ, ಸಪೂರ, ಹೆಚ್ಚುಕಡಿಮೆ ಅಡ್ಡಡ್ಡ ಮಲಗಿರುತ್ತದೆ.

ಇದಕ್ಕೆ ಮದ್ದು ಹಾಲು. ಚೀಪಿ ನುಂಗಿದಾಗಲೆಲ್ಲ ಕೊಳವೆ ತೆರೆದುಕೊಳ್ಳುತ್ತದೆ. ಇಷ್ಟು ಓದಿಕೊಂಡಿದ್ದ ನಾನು ಏರುವಾಗ ಧಾರಾಳವಾಗಿ ಹಾಲು ಕುಡಿಸಿದೆ. ನಡುವೆ ಕಿರಿಕಿರಿ ಮಾಡಿದಾಗಲೆಲ್ಲ ಕುಡಿಸಿದೆ. ಇಳಿಯುವ ಹೊತ್ತಿಗೆ, ನಿಜವಾಗಿ ಬೇಕಾದಾಗ, ಅವನು ಹೊಟ್ಟೆ ತುಂಬಿದ ಜಮೀನ್ದಾರನ ಹಾಗೆ ಮುಖ ಆ ಕಡೆ ತಿರುಗಿಸಿದ. ಹಸಿವನ್ನೂ ಕೂಡಿಡಬೇಕು ಅಂತ ಯಾರಾದರೂ ಮೊದಲೇ ಹೇಳಬಾರದಿತ್ತೇ? ಕೊನೆಗೆ ಅತ್ತ. ಅತ್ತರೂ ಒಳ್ಳೆಯದೇ ಅಂತೆ, ಅಳುವಾಗಲೂ ಆ ಕೊಳವೆ ತೆರೆದುಕೊಳ್ಳುತ್ತದೆ. ಇದನ್ನು ಹಿಂದಿನ ಹತ್ತು ಸಾಲಿಗೆ ವಿವರಿಸಿ ಹೇಳುವ ಅವಕಾಶ ಸಿಗಲಿಲ್ಲ, ಅಷ್ಟೇ.

ಅದೇ ಒತ್ತಡದ ಇನ್ನೊಂದು ಪವಾಡ ನೋಡಿ. ದೊಡ್ಡವಳ ಸ್ಟ್ರಾ ಇರುವ ಲೋಟಕ್ಕೆ ತಪಾಸಣೆ ದಾಟಿದ ಮೇಲೆ ಜ್ಯೂಸ್ ತುಂಬಿ ಬಿಗಿಯಾಗಿ ಮುಚ್ಚಿದ್ದೆವು. ಒಳಗೆ ಸೇರಿಕೊಂಡಿದ್ದದ್ದು ನೆಲದ ಮೇಲಿನ ಗಾಳಿ. ಆಕಾಶದಲ್ಲಿ ಮಕ್ಕಳ ಅಪ್ಪ ಅದರ ಮುಚ್ಚಳ ಸರಿಸಿದರು. ಸ್ಟ್ರಾದಿಂದ ಕಾರಂಜಿ ಚಿಮ್ಮಿ ಇವರ ಕನ್ನಡಕ, ಅಂಗಿ, ಪಕ್ಕದವರ ಪತ್ರಿಕೆಯ ಅರ್ಧ ಪುಟ ತೋಯಿಸಿತು. ಮಗಳು ಚಪ್ಪಾಳೆ ತಟ್ಟಿದಳು. 'ಕ್ಷಮಿಸಿ' ಅಂದೆ. ಅಲ್ಲಿಗೆ ಹನ್ನೊಂದನೆಯದೋ ಹನ್ನೆರಡನೆಯದೋ.

ನಮಗೆ ಸಿಕ್ಕಿದ್ದು ಅಡ್ಡಗೋಡೆಯ ಎದುರಿನ ಮೊದಲ ಸಾಲು. ಆ ಗೋಡೆಗೇ ಒಂದು ಪುಟ್ಟ ತೊಟ್ಟಿಲು ಸಿಕ್ಕಿಸುತ್ತಾರೆ. ಆಹಾ, ಎಂಥ ಸೌಕರ್ಯ ಅಂದುಕೊಂಡಿದ್ದೆ. ಎರಡು ವಿಷಯ ಆಮೇಲೆ ಗೊತ್ತಾಯಿತು. ಒಂದು, ಮುಂದೆ ಸೀಟಿಲ್ಲದ ಕಾರಣ ಬ್ಯಾಗನ್ನು ಕಾಲ ಬಳಿ ಇಡುವ ಹಾಗಿಲ್ಲ. ಏರುವಾಗ, ಇಳಿಯುವಾಗ ಎಲ್ಲವೂ ಮೇಲಿನ ಗೂಡಿಗೆ ಹೋಗಬೇಕು. ಡೈಪರ್, ಒರಸುವ ಬಟ್ಟೆ, ಹಾಲು, ಎಲ್ಲ ತಲೆ ಮೇಲೆ. ಬೆಲ್ಟ್ ಕಟ್ಟಿಕೊಂಡು ಕೆಳಗೆ ನಾನು. ಚಿಕ್ಕವನು ಸರಿಯಾಗಿ ಆ ಗಳಿಗೆಯನ್ನೇ ಆರಿಸಿಕೊಂಡ.

ಎರಡನೆಯದು ಇನ್ನೂ ಘೋರ. ಸೀಟ್ ಬೆಲ್ಟಿನ ದೀಪ ಹತ್ತಿದರೆ ಮಗುವನ್ನು ತೊಟ್ಟಿಲಿಂದ ಎತ್ತಿಕೊಳ್ಳಬೇಕು. ಒಂದು ಗಂಟೆ ತಟ್ಟಿ, ತೂಗಿ, ಗುನುಗಿ, ಉಸಿರು ಬಿಗಿಹಿಡಿದು ಮಲಗಿಸಿರುತ್ತೀರಿ. ಟಿಂಗ್ ಅನ್ನುತ್ತದೆ. ಗಗನಸಖಿ ಬಂದು ನೀವು ಊಹಿಸಿದ್ದನ್ನೇ ಹೇಳುತ್ತಾರೆ. ಎತ್ತಿಕೊಳ್ಳುತ್ತೀರಿ, ಅದು ಏಳುತ್ತದೆ, ಕೂಗುತ್ತದೆ. ಐದು ನಿಮಿಷಕ್ಕೆ ದೀಪ ಆರುತ್ತದೆ. ಮಗು ಚಿವುಟಿ ತೊಟ್ಟಿಲು ತೂಗುವುದು ಅನ್ನುವ ಗಾದೆ ಕಟ್ಟಿದವರು ವಿಮಾನ ಕಂಡಿರಲಿಕ್ಕಿಲ್ಲ. ಆದರೂ ಎಷ್ಟು ಸರಿಯಾಗಿ ಹೇಳಿದ್ದಾರೆ!

1930ರಲ್ಲಿ ವಿಮಾನದ ಮೊದಲ ಗಗನಸಖಿಯಾಗಿ ಕೆಲಸಕ್ಕೆ ಸೇರಿದ ಎಲೆನ್ ಚರ್ಚ್ ಒಬ್ಬ ನರ್ಸ್. ಅವರ ಜೊತೆ ಸೇರಿದವರೂ ನರ್ಸ್‌ಗಳೇ. ಅದರ ಗುಣ ಈ ಕೆಲಸಕ್ಕೆ ಇನ್ನೂ ಅಂಟಿಕೊಂಡಿರಬೇಕು. ದೀಪ ಹತ್ತಿದಾಗ ಎಬ್ಬಿಸಿದವರೇ, ಆರಿದ ಮೇಲೆ ಬಂದು "ಕೊಡಿ ಇಲ್ಲಿ, ನೀವು ಸ್ವಲ್ಪ ಊಟ ಮಾಡಿ" ಅಂತ ಇವನನ್ನು ಎತ್ತಿಕೊಂಡು ಹೋದರು. ಎರಡೂ ಕೈಯಲ್ಲಿ ಉಣ್ಣುವ ಸುಖ ಮರೆತೇ ಹೋಗಿತ್ತು.

ದೊಡ್ಡವಳ ಕಥೆ ಬೇರೆ. ವಿಮಾನ ಹೊರಡುವುದು ತಡವಾಗಿ, ಕಾದು ಕಾದು ಅವಳು ನೆಲದ ಮೇಲಿರುವಾಗಲೇ ನಿದ್ದೆ ಹೋದಳು. ಓಟ, ಹಾರಾಟ ಯಾವುದೂ ಗೊತ್ತಾಗಲಿಲ್ಲ. ಎದ್ದಾಗ ಕಿಟಕಿಯ ಆಚೆ ಬರೀ ಬಿಳುಪು.

"ಅಮ್ಮಾ, ಇದು ಯಾವಾಗ ಹೊರಡತ್ತೆ?"

ಹೊರಟು ಒಂದು ಗಂಟೆ ಆಯ್ತು ಪುಟ್ಟಾ ಅಂದೆ. ನಂಬಲಿಲ್ಲ. ಗಂಟೆಗೆ ಸುಮಾರು 900 ಕಿಲೋಮೀಟರ್ ವೇಗದಲ್ಲಿ ಹೋಗ್ತಿದೆ ಅಂತ ಅವಳ ಅಪ್ಪ ಹೇಳಿದರು. ಅವಳು ಒಂದು ಸಲ ಟ್ರೇ ಮೇಲಿನ ಲೋಟ ನೋಡಿದಳು. ನೀರು ಅಲುಗುತ್ತಿರಲಿಲ್ಲ. ಹೋಗುವ ವಾಹನ ಕುಲುಕಬೇಕು, ಮರಗಳು ಹಿಂದೆ ಓಡಬೇಕು. ಅವಳ ಲೆಕ್ಕ ತಪ್ಪು ಅನ್ನುವುದು ಹೇಗೆ? ಪರದೆಯ ಮೇಲಿನ ನಕ್ಷೆಯಲ್ಲಿ ಪುಟ್ಟ ವಿಮಾನ ತೋರಿಸಿದೆವು. ಅದೂ ನಿಂತೇ ಇತ್ತು. ಆಮೇಲೆ ಅವಳು ಹೊರಡುವ ಆಸೆ ಬಿಟ್ಟು, ಇದ್ದಲ್ಲೇ ಸುಖ ಹುಡುಕಿಕೊಂಡಳು. ಬೆಲ್ಟಿನ ಕೊಂಡಿಯನ್ನು ಟಕ್ ಅಂತ ಹಾಕಿ ಟಕ್ ಅಂತ ಬಿಚ್ಚುವುದು ಒಂದು. ಶೌಚಾಲಯಕ್ಕೆ ಹೋಗಿ, ಭೂತ ಉಸಿರೆಳೆದ ಹಾಗೆ ಎಲ್ಲವನ್ನೂ ಹೀರಿಕೊಳ್ಳುವ ಆ ಸದ್ದು ಕೇಳಿ, ಕಿರುಚಿ ಓಡಿಬಂದು, ಮತ್ತೆ ಹೋಗೋಣ ಅನ್ನುವುದು ಇನ್ನೊಂದು. ಮೋಡದ ಮೇಲಿನ ಸೂರ್ಯಾಸ್ತ ತೋರಿಸಿದರೆ "ಹೂಂ" ಅಂದು ಮತ್ತೆ ಕೊಂಡಿಗೆ ಕೈ ಹಾಕಿದಳು.

ಅಕ್ಕಪಕ್ಕದವರ ಬಗ್ಗೆ ನನಗೆ ದೂರಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು, ಬೇರೆಯವರಿಗೂ ಮುದ್ದಾಗಬೇಕು ಅಂತ ಎಲ್ಲಿದೆ? ದುಡ್ಡು ಕೊಟ್ಟು ಕೂತಿದ್ದಾರೆ, ನಿದ್ದೆ ಬೇಕು. ಕೆಲವರು ಕಿವಿಗೆ ದೊಡ್ಡ ಹೆಡ್‌ಫೋನ್ ಏರಿಸುತ್ತಾರೆ. ಬೋಸ್ ಸ್ಪೀಕರ್ ಕಂಪನಿ ಕಟ್ಟಿದ ಅಮರ್ ಬೋಸ್ 1978ರಲ್ಲಿ ಜ್ಯೂರಿಕ್‌ನಿಂದ ವಿಮಾನದಲ್ಲಿ ಬರುವಾಗ ಹಾಡಿಗಿಂತ ಎಂಜಿನ್ನಿನ ಗದ್ದಲವೇ ಜಾಸ್ತಿ ಕೇಳಿ, ಸದ್ದನ್ನು ಸದ್ದಿನಿಂದಲೇ ಅಳಿಸುವ ಲೆಕ್ಕ ಅಲ್ಲೇ ಕೂತು ಹಾಕಲು ಶುರು ಮಾಡಿದರಂತೆ. ಆ ಹೆಡ್‌ಫೋನ್ ಒಂದೇ ಸಮನೆ ಗುಂಯ್‌ಗುಡುವ ದಪ್ಪ ಸದ್ದನ್ನು ಚೆನ್ನಾಗಿ ಅಳಿಸುತ್ತದೆ. ಏರಿಳಿಯುವ ಕೀರಲು ಸದ್ದು ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ಅಂದರೆ ಎಂಜಿನ್ ಮಾಯ, ನಮ್ಮ ಮಗನ ಧ್ವನಿ ಇನ್ನೂ ಸ್ಪಷ್ಟ. ಪಾಪ.

ಜಪಾನ್ ಏರ್‌ಲೈನ್ಸ್‌ನವರು ಸೀಟಿನ ನಕ್ಷೆಯಲ್ಲಿ ಎರಡು ವರ್ಷದೊಳಗಿನ ಮಕ್ಕಳು ಎಲ್ಲಿ ಕೂರುತ್ತಾರೆ ಅಂತ ಪುಟ್ಟ ಮುಖದ ಗುರುತು ಹಾಕಿ ತೋರಿಸುತ್ತಾರೆ. 2019ರಲ್ಲಿ ಅದರ ಬಗ್ಗೆ ದೊಡ್ಡ ಚರ್ಚೆಯೇ ಆಯಿತು. ನನಗಂತೂ ಅದರಲ್ಲಿ ತಪ್ಪು ಕಾಣಲಿಲ್ಲ. ಬೇಡದವರು ದೂರ ಕೂತರೆ ನನ್ನ ಕ್ಷಮೆಗಳೂ ಉಳಿಯುತ್ತವೆ. ಆದರೆ ನನಗೆ ಹಿಡಿಸಿದ್ದು 2016ರಲ್ಲಿ ಅಮೆರಿಕದ ಜೆಟ್‌ಬ್ಲೂ ವಿಮಾನ ಕಂಪನಿ ತನ್ನ ಒಂದು ವಿಮಾನದಲ್ಲಿ ಮಾಡಿದ ತಮಾಷೆ. ಮಗು ಅತ್ತಾಗಲೆಲ್ಲ ಎಲ್ಲ ಪ್ರಯಾಣಿಕರಿಗೂ ಮುಂದಿನ ಟಿಕೆಟ್ಟಿನಲ್ಲಿ ಕಾಲು ಭಾಗ ರಿಯಾಯಿತಿ. ನಾಲ್ಕು ಸಲ ಅತ್ತರೆ ಪೂರ್ತಿ ಪುಕ್ಕಟೆ. ಮೂರು ಅಳು ಆದ ಮೇಲೆ ಆ ಜನ ಕೂಸುಗಳನ್ನು ಎಷ್ಟು ಆಸೆಯಿಂದ ನೋಡಿರಬಹುದು!

ಇಯರ್‌ಪ್ಲಗ್ಗು, ಚಾಕೊಲೇಟು, 'ನಾನು ಅತ್ತರೆ ಕ್ಷಮಿಸಿ' ಅಂತ ಮಗುವಿನ ಹೆಸರಲ್ಲಿ ಬರೆದ ಚೀಟಿ, ಇವನ್ನೆಲ್ಲ ಪುಟ್ಟ ಚೀಲದಲ್ಲಿ ಕಟ್ಟಿ ಹಂಚುವ ತಂದೆತಾಯಿಯರೂ ಇದ್ದಾರೆ. ನಾನು ಅದನ್ನು ಮಾಡಲಾರೆ. ಅಷ್ಟು ಚೀಲ ಕಟ್ಟುವ ಪುರುಸೊತ್ತಿದ್ದರೆ ನಾನು ಮಲಗುತ್ತೇನೆ.

ನಮ್ಮ ಹಿಂದಿನ ಸೀಟಿನಲ್ಲಿ ಒಬ್ಬ ಹಿರಿಯರಿದ್ದರು. ಇಸ್ತ್ರಿ ಅಂಗಿ, ಗಂಭೀರ ಮುಖ. ಚಿಕ್ಕವನು ನನ್ನ ಹೆಗಲ ಮೇಲಿಂದ ಅವರನ್ನೇ ದಿಟ್ಟಿಸಿ ನೋಡುತ್ತಿದ್ದ. ಅವರು ಒಮ್ಮೆಯೂ ನಗಲಿಲ್ಲ, ಮಾತಾಡಿಸಲಿಲ್ಲ. ಇವರಿಗೆ ಬಹಳ ಕಷ್ಟವಾಗಿದೆ ಅಂತ ನನಗೆ ದಾರಿಯುದ್ದಕ್ಕೂ ಸಂಕೋಚ.

ಇಳಿದೆವು. ಚಕ್ರ ನೆಲ ಮುಟ್ಟಿತು. ಎಂಜಿನ್ ಗರ್ಜಿಸಿತು, ಇಡೀ ವಿಮಾನ ಗಡಗಡ ನಡುಗಿತು, ಕಿಟಕಿಯ ಆಚೆ ಹುಲ್ಲು, ದೀಪ, ಕಟ್ಟಡಗಳು ಹಿಂದಕ್ಕೆ ಓಡತೊಡಗಿದವು. ಇಷ್ಟು ಹೊತ್ತು ತಾಳ್ಮೆಯಿಂದ ಕಾದಿದ್ದ ಮಗಳು ಎರಡೂ ಕೈ ಮೇಲೆತ್ತಿ ಕೂಗಿದಳು.

"ಅಮ್ಮಾ, ಹೊರಡ್ತು! ಹೊರಡ್ತು!"

ಐದಾರು ಸಾಲಿನವರು ನಕ್ಕರು. ಬೆಲ್ಟಿನ ದೀಪ ಆರಿದ್ದೇ ಎಲ್ಲರೂ ಎದ್ದು ನಿಂತರು. ಅಲ್ಲಿವರೆಗೆ ಕೂಗುತ್ತಿದ್ದ ಚಿಕ್ಕವನು ಆಗ ನಿದ್ದೆ ಹೋಗಿದ್ದ. ಹಿಂದಿನಿಂದ ಯಾರೋ ನನ್ನ ಹೆಗಲು ತಟ್ಟಿದರು. ಆ ಹಿರಿಯರು. ರೂಢಿಯಂತೆ "ಕ್ಷಮಿಸಿ" ಅಂದುಬಿಟ್ಟೆ. ಅವರು ಅಂಗೈ ಚಾಚಿದರು. ಅದರ ಮೇಲೆ ಹೆಬ್ಬೆರಳಿನಷ್ಟು ಉದ್ದದ ಒಂದು ಕಾಲುಚೀಲ, ಮಡಚಿ ಇಟ್ಟದ್ದು.

"ಏರುವಾಗಲೇ ನನ್ನ ಕಾಲ ಹತ್ತಿರ ಉರುಳಿ ಬಂತು. ಮಗು ಮಲಗಿತ್ತು, ಅದಕ್ಕೇ ಸುಮ್ನಿದ್ದೆ."

ಇನ್ನೊಂದು ಕಾಲಿನದು ಇವತ್ತಿಗೂ ಸಿಕ್ಕಿಲ್ಲ.