ಸೋಪು ಎಲ್ಲಿ ಸ್ವಾಮಿ?

ಬೆಳಿಗ್ಗೆ ಗೆಳೆಯನ ಅಪ್ಪನನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆ. ವಾರ್ಡಿನ ಬಾಗಿಲಲ್ಲಿ ಸ್ಯಾನಿಟೈಸರ್ ಬಾಟಲಿ. ಬಂದವರೆಲ್ಲ ತೀರ್ಥ ತಗೊಂಡ ಹಾಗೆ ಎರಡು ಹನಿ ಹಾಕಿಸಿಕೊಂಡು ಒಳಗೆ ಹೋಗುತ್ತಿದ್ದರು. ಪಕ್ಕದಲ್ಲೇ ವಾಶ್‌ ಬೇಸಿನ್. ನೀರು ಬರುತ್ತೆ. ಸೋಪಿಲ್ಲ. ಸೋಪಿಡುವ ಜಾಗದಲ್ಲಿ ಯಾರೋ ಕುಡಿದಿಟ್ಟ ಕಾಫಿ ಕಪ್ಪು.

ಸಿಸ್ಟರನ್ನು ಕೇಳಿದೆ. "ಸ್ಯಾನಿಟೈಸರ್ ಇದೆಯಲ್ಲ ಸಾರ್" ಅಂದರು.

ಇದೆ ತಾಯಿ, ಕಣ್ಣಿಗೆ ಕಾಣ್ತಿದೆ.

ನನ್ನ ಕಥೆ ನಿಮಗೆಲ್ಲ ಗೊತ್ತೇ ಇದೆ. ಅಲ್ಸರೇಟಿವ್ ಕೊಲೈಟಿಸ್ ಅನ್ನೋ, ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಕಾಯಿಲೆಯ ಕಾಟಕ್ಕೆ ಕೊನೆಗೆ ದೊಡ್ಡ ಕರುಳನ್ನೇ ತೆಗೆಸಿ, ಸಣ್ಣ ಕರುಳಿನ ತುದಿ ಮಡಚಿ ಹೊಲಿದು ಚೀಲ ಮಾಡಿಸಿಕೊಂಡವನು ನಾನು. ಇನ್ನೇನು ಪೀಡೆ ತೊಲಗಿತು ಅಂದುಕೊಂಡರೆ, ಕೆಲವೇ ತಿಂಗಳಲ್ಲಿ ಜ್ವರ, ದಿನಕ್ಕೆ ಇಪ್ಪತ್ತು ಸಲ ಟಾಯ್ಲೆಟ್ಟು. ಮಲ ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದು ಸಿ. ಡಿಫಿಸೈಲ್ ಅನ್ನೋ ಬ್ಯಾಕ್ಟೀರಿಯಾ. "ಅದು ದೊಡ್ಡ ಕರುಳಿಗೆ ಬರೋದಲ್ವಾ ಡಾಕ್ಟ್ರೇ, ನನಗೆ ಅದೇ ಇಲ್ವಲ್ಲ" ಅಂದೆ. "ಚೀಲಕ್ಕೂ ಬರುತ್ತೆ" ಅಂದರು.

1935ರಲ್ಲಿ ಇದು ಮೊದಲು ಸಿಕ್ಕಿದ್ದು ಹಸುಗೂಸುಗಳ ಕಕ್ಕದಲ್ಲಂತೆ. ಮಕ್ಕಳಿಗೆ ಸಾಮಾನ್ಯವಾಗಿ ಏನೂ ಮಾಡೋಲ್ಲ. ದೊಡ್ಡವರಲ್ಲಿ ಆಂಟಿಬಯಾಟಿಕ್ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಒಕ್ಕಲೆಬ್ಬಿಸಿದ ಮೇಲೆ ಖಾಲಿ ಮನೆಗೆ ಬಂದು ಕೂರುತ್ತೆ. ಗಟ್ಟಿ ಚಿಪ್ಪಿನೊಳಗೆ ನಿದ್ದೆ ಹೊಡೆಯುವ ಇದರ ಸ್ಪೋರ್‌ಗಳಿಗೆ ಸ್ಯಾನಿಟೈಸರಿನ ಆಲ್ಕೋಹಾಲ್ ಲೆಕ್ಕಕ್ಕೇ ಇಲ್ಲ. ಸೋಪೂ ಕೊಲ್ಲೋಲ್ಲ, ಆದರೆ ಚೆನ್ನಾಗಿ ಉಜ್ಜಿದರೆ ನೀರಿನ ಜೊತೆ ಕೊಚ್ಚಿಕೊಂಡು ಹೋಗುತ್ತೆ. ಮಂಚದ ಕಂಬಿ, ಟಾಯ್ಲೆಟ್ಟಿಗೆ ಬ್ಲೀಚಿನಂಥದ್ದೇ ಬೇಕು.

ಬೇರೆ ಎಷ್ಟೋ ರೋಗಾಣುಗಳಿಗೆ ಸ್ಯಾನಿಟೈಸರ್ ಸಾಕು, ಕೆಲಸವೂ ಬೇಗ ಆಗುತ್ತೆ ಅಂತ ಈಗ ಯಾರಾದರೂ ಬರ್ತೀರಿ. ಸರಿ, ಒಪ್ಪಿದೆ. ಹಾಗಂತ ಪಕ್ಕದಲ್ಲೊಂದು ಸೋಪು ಇಟ್ಟರೆ ಸ್ಯಾನಿಟೈಸರ್‌ಗೆ ಬೇಜಾರಾಗುತ್ತಾ?

ಹೇಳೋಕೆ ನಾಚಿಕೆ, ಆದರೂ ಹೇಳ್ತೀನಿ. ನನಗೆ ಅದು ಹತ್ತಿದ್ದರಲ್ಲಿ ಬರೀ ಬೇಸಿನ್ನಿನ ತಪ್ಪಿರಲಿಕ್ಕಿಲ್ಲ. ಅದಕ್ಕೂ ಮೊದಲು ಹೊಟ್ಟೆ ಸ್ವಲ್ಪ ಕೆಟ್ಟಾಗ, ಬೀರುವಿನಲ್ಲಿ ಉಳಿದಿದ್ದ ಸಿಪ್ರೋಫ್ಲಾಕ್ಸಾಸಿನ್ ಅನ್ನೋ ಆಂಟಿಬಯಾಟಿಕ್ ಸ್ಟ್ರಿಪ್ಪನ್ನು ಯಾರನ್ನೂ ಕೇಳದೆ ನುಂಗಿದ್ದೆ. ಹೆಂಡತಿ ಬೇಡ ಅಂದಿದ್ದಳು. ಆಮೇಲೆ ಹತ್ತು ದಿನ, ದಿನಕ್ಕೆ ನಾಲ್ಕು ಸಲ, ಸಿ. ಡಿಫಿಸೈಲ್‌ಗೆ ಕೊಡುವ ವ್ಯಾಂಕೋಮೈಸಿನ್ ಔಷಧಿಯನ್ನು ಇಂಜೆಕ್ಷನ್ ಸೀಸೆಯಿಂದ ತೆಗೆದು ನೀರಿಗೆ ಕಲಸಿ ಕುಡಿದೆ. ರಕ್ತಕ್ಕೆ ಕೊಟ್ಟರೆ ಕರುಳಿಗೆ ತಲುಪೋಲ್ಲವಂತೆ. ಆ ಕಹಿಗಿಂತ ಅವಳು ಏನೂ ಅನ್ನದೆ ಲೋಟ ಹಿಡಿದು ನಿಂತಿರುತ್ತಿದ್ದಳಲ್ಲ, ಅದು ಜಾಸ್ತಿ ಕಷ್ಟ.

ಇವತ್ತು ಸುಮ್ನೆ ಬರಲಾಗಲಿಲ್ಲ. ಕೆಳಗಿನ ಅಂಗಡಿಯಿಂದ ಒಂದು ಮೈಸೂರು ಸ್ಯಾಂಡಲ್ ತಂದು ಬೇಸಿನ್ ಮೇಲಿಟ್ಟೆ. ಅರ್ಧ ಗಂಟೆ ಬಿಟ್ಟು ಹೊರಡುವಾಗ ನೋಡಿದರೆ ಕಾಫಿ ಕಪ್ಪು ಅಲ್ಲೇ ಇದೆ, ಸೋಪಿಲ್ಲ. ಅಗ್ಗದ್ದು ಇಟ್ಟಿದ್ದರೆ ಉಳೀತಿತ್ತೇನೋ.