ಸತ್ಯಾಂಶ: ಕತ್ತರಿಸಿದ ಸ್ಪ್ರಿಂಗ್ ಲೋವರಿಂಗ್ ಸ್ಪ್ರಿಂಗ್ ಆಗಲ್ಲ

ಕಾರು ತಗ್ಗಿಸೋಕೆ ದುಡ್ಡು ಸುರಿಯಬೇಡಿ, ಇರುವ ಸ್ಪ್ರಿಂಗ್‌ನಲ್ಲೇ ಒಂದು ಸುತ್ತು ಕತ್ತರಿಸಿ ಅನ್ನೋ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಲೇ ಇರುತ್ತದೆ. ಕತ್ತರಿಸಿದರೆ ಕಾರು ತಗ್ಗುವುದು ನಿಜ, ಹಾಗಾಗಿ ಜನ ನಂಬುವುದು ಸಹಜ. ಆದರೆ ಕತ್ತರಿಸಿದ ಸ್ಪ್ರಿಂಗ್, ಕಾರು ತಗ್ಗಿಸೋಕೆಂದೇ ಮಾಡಿದ ಲೋವರಿಂಗ್ ಸ್ಪ್ರಿಂಗ್ ಎರಡೂ ಒಂದೇ ಅಲ್ಲ.

ಸ್ಪ್ರಿಂಗ್‌ನ ತುದಿಯನ್ನು ಅದು ಕೂರುವ ಜಾಗಕ್ಕೆ ಹೊಂದುವಂತೆ ಮಾಡಿರುತ್ತಾರೆ. ಕತ್ತರಿಸಿದ ಮೊನೆ ಅಲ್ಲಿ ಸರಿಯಾಗಿ ಕೂರಲ್ಲ. ಉದ್ದವೂ ಕಡಿಮೆಯಾಗಿರುತ್ತೆ, ಚಕ್ರ ಗುಂಡಿಗಿಳಿದಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ಬಿಟ್ಟು ಸರಿಯಬಹುದು. ಕೆಲಸ ಮಾಡುವ 6 ಸುತ್ತುಗಳಲ್ಲಿ 1 ಹೋದರೆ ಸ್ಪ್ರಿಂಗ್ ಸುಮಾರು ಶೇ. 20ರಷ್ಟು ಗಡುಸಾಗುತ್ತದೆ. ಹಳೆಯ ಶಾಕ್ ಅಬ್ಸಾರ್ಬರ್ ಅದಕ್ಕೆಂದು ಮಾಡಿದ್ದಲ್ಲ.

ಒಳ್ಳೆಯ ಲೋವರಿಂಗ್ ಸ್ಪ್ರಿಂಗನ್ನು ನಿಮ್ಮ ಮಾಡೆಲ್‌ಗೆಂದೇ ಮಾಡಿರುತ್ತಾರೆ. ಕಾಯಿಲೋವರ್‌ನಲ್ಲಿ ಸ್ಪ್ರಿಂಗ್, ಶಾಕ್ ಎರಡೂ ಜೋಡಿಯಾಗಿ ಬರುತ್ತವೆ, ಎತ್ತರವನ್ನೂ ಹೊಂದಿಸಬಹುದು. ದಿನಾ ಆಫೀಸಿಗೆ ಓಡಿಸುವ ಕಾರಿಗೆ ಸ್ವಲ್ಪವೇ ತಗ್ಗಿಸುವ ಸ್ಪ್ರಿಂಗ್ ಸಾಕು ಅನ್ನೋದು ನನ್ನ ಅಭಿಪ್ರಾಯ. ನಮ್ಮ ರಸ್ತೆ ಉಬ್ಬಿನ ಪ್ರಮಾಣಿತ ಎತ್ತರವೇ 10 ಸೆಂ.ಮೀ., ಎಷ್ಟೋ ಕಡೆ ಅದಕ್ಕಿಂತ ಜಾಸ್ತಿ ಇರುತ್ತೆ ಅಲ್ವಾ?

ನೀವೇ ಪರೀಕ್ಷಿಸಬಹುದು. ಗ್ಯಾರೇಜಿನಲ್ಲಿ ಕಾರನ್ನು ಲಿಫ್ಟ್ ಮೇಲೆ ಎತ್ತಿಸಿ. ಚಕ್ರ ಪೂರ್ತಿ ಇಳಿಬಿದ್ದಾಗಲೂ ಸ್ಪ್ರಿಂಗ್ ಬಿಗಿಯಾಗಿ ಕೂತಿರಬೇಕು. ಶಾಕ್‌ನ ರಾಡ್ ಕಾಣುವಂತಿದ್ದರೆ ಅದಕ್ಕೊಂದು ಕೇಬಲ್ ಟೈ ಸುತ್ತಿ, ಮನೆಯವರನ್ನೆಲ್ಲ ಕೂರಿಸಿಕೊಂಡು ಮಾಮೂಲಿ ದಾರಿಯಲ್ಲಿ ಓಡಿಸಿ. ಟೈ ಸರಿದು ಬಂಪ್ ಸ್ಟಾಪ್ (ಶಾಕ್ ಪೂರ್ತಿ ಒತ್ತಿಕೊಳ್ಳದಂತೆ ತಡೆಯುವ ಮೆತ್ತನೆಯ ತುಂಡು) ಹತ್ತಿರ ನಿಂತಿದ್ದರೆ ಸಸ್ಪೆನ್ಷನ್‌ಗೆ ಆಡಲು ಜಾಗ ಉಳಿದಿಲ್ಲ. ಕೊಳ್ಳುವ ಮುಂಚೆ ಎಷ್ಟು ಮಿ.ಮೀ. ತಗ್ಗುತ್ತದೆ, ಯಾವ ಶಾಕ್‌ಗೆ ಹೊಂದುತ್ತದೆ ಅನ್ನೋದನ್ನು ಬರಹದಲ್ಲಿ ಕೇಳಿ ಪಡೆಯಿರಿ.